ಪರಿಚಯದವರ ಹೆಸರಿನ ಟಪಾಲು

— ಯವ್ವಾ, ಸಾಂಗ್ಲಿ ಅಡತಿಯವರು ಪಟ್ಟಿ ಕಳಿಸ್ಯಾರ. ಮೇಲ್‌ದಾಗ ಬಂದೈತಿ. ಮೊಬೈಲ್‌ದಾಗ ಎಷ್ಟ ಒತ್ತಿದ್ರೂ ತೆರೀವಲ್ದು. ನಿನ್ನ ಕಂಪ್ಯೂಟರ್‌ದಾಗ ತಗದು ಒಂದು ಪ್ರಿಂಟ್ ಕೊಡು.

— ಕೂಡ್ರಿ ಕಾಕಾ. ಪಟ್ಟಿ ಮೇಲ್ ಮಾಡತೇವಿ ಅಂತ ಅವರು ಮೊದಲ ಹೇಳಿದ್ರೇನು?

— ಹೇಳೂದೇನೈತಿ? ಮಣೂಕ ಕೊಟ್ಟು ಎರಡು ತಿಂಗಳಾತು, ಬಾಕಿ ಬರೂದೈತಿ. ಹೋದ ವರ್ಷದತನಾ ಪಟ್ಟೀದು ಫೋಟೋ ತಗದು ವಾಟ್ಸ್‌ಆಪ್‌ಗೆ ಹಾಕತಿದ್ರು. ಈ ಸಲ ಮೇಲ್ ಮಾಡ್ಯಾರ.

— ಹಂಗಾದ್ರ ನಾ ಇದನ್ನ ತಗಿಯೂದಿಲ್ರಿ.

— ಯಾಕ? ಪ್ರಿಂಟಿನ ರೊಕ್ಕ ಕೊಡೂದಿಲ್ಲಂತ ತಿಳದಿಯೇನು?

ಘೋಣಸಗಿಯ ಸೇವಾ ಕೇಂದ್ರದಲ್ಲಿ ಉತಾರದ ಪಾಳಿಗೆ ಕಾಯುತ್ತ ಕೂತವರ ಕಿವಿಗೆಲ್ಲ ಬಿದ್ದ ಮಾತಿದು. ಪ್ರಿಂಟ್ ಕೇಳಿದವರು ಟಪಾಲ ಖಾತೆಯಲ್ಲಿ ದುಡಿದು ನಿವೃತ್ತರಾಗಿ, ಈಗ ದ್ರಾಕ್ಷಿ ಪಡ ನೋಡಿಕೊಂಡು ಮಣೂಕ, ಅಂದರೆ ಒಣದ್ರಾಕ್ಷಿ, ಮಾರುವವರು. ಉತ್ತರ ಕೊಟ್ಟಾಕೆ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದಿ ಬಂದು ಇಲ್ಲಿ ಕುರ್ಚಿ ಹಾಕಿದಾಕೆ. ಇಬ್ಬರ ಕಸುಬೂ ಒಂದರ್ಥದಲ್ಲಿ ಟಪಾಲಿನದೇ ಆದ್ದರಿಂದ ಮಾತು ಜಗಳಕ್ಕೆ ಹೋಗದೆ ಬೇರೆ ದಾರಿ ಹಿಡಿಯಿತು.

— ನಿಮ್ಮ ಮೊಬೈಲ್ ಕೊಡ್ರಿ ಇಲ್ಲೆ. ನೋಡ್ರಿ, ಕಳಿಸಿದವರ ಹೆಸರು ನಿಮ್ಮ ಅಡತಿ ಅಂಗಡೀದು. ಬರೋಬರಿ. ಈಗ ಆ ಹೆಸರಿನ ಮ್ಯಾಲ ಬಟ್ಟು ಒತ್ತತೀನಿ. ಕೆಳಗ ಖರೇ ವಿಳಾಸ ಬಂತು. ಓದ್ರಿ.

— ಇದ್ಯಾವುದೋ ಬ್ಯಾರೇನ ಐತಲ್ಲ. ಸಾಂಗ್ಲಿ ಹೆಸರ ಇಲ್ಲ, ಅಂಗಡಿ ಹೆಸರ ಇಲ್ಲ.

— ಮ್ಯಾಲ ಕಾಣೂ ಹೆಸರು ಕಳಿಸಿದಾಂವ ತಾನ ಬರದುಕೊಳ್ಳೂದು. ನಾ ಈಗ ನಿಮ್ಮ ಹೆಸರಿಲೇ ಒಂದು ಮೇಲ್ ಕಳಿಸಬಹುದು, ಜಿಲ್ಲಾಧಿಕಾರಿ ಹೆಸರಿಲೇನೂ ಕಳಿಸಬಹುದು.

— ಹಂಗಂದ್ರ ಕವರಿನ ಹಿಂದ 'ಇಂದ' ಅಂತ ಬರಿಯೂ ಜಾಗಾ ಇದ್ದಂಗ. ಅಲ್ಲಿ ಯಾರ ಏನ ಬರದ್ರೂ ನಾವು ಕೇಳತಿದ್ದಿಲ್ಲ. ಟಿಕೀಟು ಹಚ್ಯಾರಿಲ್ಲೋ, 'ಗೆ' ವಿಳಾಸ ಸರಿ ಐತಿಲ್ಲೋ, ಅಷ್ಟ ನೋಡೂದು.

— ಹೂನ್ರಿ. 1982ರಾಗ ಜಾನ್ ಪೋಸ್ಟೆಲ್ ಅನ್ನಾಂವ ಮೇಲ್ ಸಾಗಸೂ ನಿಯಮ ಬರದ. ಆವಾಗ ಇದನ್ನ ಬಳಸೂ ಮಂದಿ ವಿಶ್ವವಿದ್ಯಾಲಯದವರು, ಸಂಶೋಧನಾ ಕೇಂದ್ರದವರು, ಒಬ್ಬರಿಗೊಬ್ಬರು ಗೊತ್ತಿದ್ದವರು. ಕಳಿಸಿದಾಂವ ಹೇಳಿದ ಹೆಸರು ಖರೇನೋ ಸುಳ್ಳೋ ಅಂತ ತಪಾಸ ಮಾಡೂ ವಿಚಾರ ಆ ನಿಯಮದಾಗ ಇರಲಿಲ್ಲ. ಇವತ್ತಿಗೂ ತಳಪಾಯ ಅದನ.

— ನಮ್ಮಲ್ಲಿ ಠಸ್ಸೆ ಅಂತ ಒಂದಿತ್ತು ನೋಡು. ಹಿಂದ ಮುಂಬೈ ಅಂತ ಬರದಿರಲಿ, ಕವರ್ ಟಿಕೋಟಾದಾಗ ಡಬ್ಬಿಗೆ ಹಾಕಿದ್ರ ಟಿಕೋಟಾ ಠಸ್ಸೆ ಬೀಳತಿತ್ತು. ಕಳಿಸಿದಾಂವ ಸುಳ್ಳು ಹೇಳಬಹುದು, ಠಸ್ಸೆ ಹೇಳೂದಿಲ್ಲ.

— ಇಲ್ಲೀನೂ ಠಸ್ಸೆ ಅದಾವ ಕಾಕಾ. ಮೇಲ್ ಯಾವ ಯಾವ ಸರ್ವರ್ ದಾಟಿ ಬಂತು ಅನ್ನೂದು ಒಳಗ ಸಾಲಾಗಿ ದಾಖಲ ಇರತೈತಿ. ಕಂಪ್ಯೂಟರ್‌ದಾಗ ಜಿಮೇಲ್ ತಗದು 'ಶೋ ಒರಿಜಿನಲ್' ಅಂತ ಒತ್ತಿದ್ರ ಕಾಣತೈತಿ. ಈ ಸಂಸ್ಥೆ ಹೆಸರಿಲೇ ಮೇಲ್ ಕಳಸೂ ಹಕ್ಕು ಈ ಸರ್ವರ್‌ಗೆ ಐತಿಲ್ಲೋ ಅಂತ ನೋಡೂ ವ್ಯವಸ್ಥಾನೂ ಆಮ್ಯಾಲ ಬಂದೈತಿ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಇಬ್ರೂ, ರಾಶಿ ರಾಶಿ ಮೇಲ್ ಕಳಿಸೂ ಮಂದಿಗೆ ಇದು ಬೇಕಬೇಕು ಅಂತ ಕಡ್ಡಾಯ ಮಾಡ್ಯಾರ. ಆದ್ರ ಇಂಥಾ ಯಾವುದೋ ಖಾತೆ ತಗದು, ಮ್ಯಾಲ ನಿಮ್ಮ ಅಡತಿ ಹೆಸರು ಬರದು ಕಳಿಸಿದ್ರ ಆ ತಪಾಸಣಿಗೆ ಏನೂ ತಪ್ಪು ಕಾಣೂದಿಲ್ಲ. ಖಾತೆ ಖರೇನ ಐತಿ, ಹೆಸರಷ್ಟ ಸುಳ್ಳು.

— ಹೆಸರು ಸುಳ್ಳಾತು, ಬಿಡು. ಪಟ್ಟಿ?

— ಮೇಲ್‌ದಾಗ ಪಟ್ಟಿ ಇಲ್ಲ, 'ಪಟ್ಟಿ ನೋಡಾಕ ಇಲ್ಲಿ ಒತ್ತರಿ' ಅಂತ ಐತಿ. ನೀವು ಒತ್ತೀರಿ. ಒಂದು ಝಿಪ್ ಫೈಲ್ ಇಳದೈತಿ. ಅದಕ್ಕ ಪಾಸ್‌ವರ್ಡ್, ಆ ಪಾಸ್‌ವರ್ಡ್ ಅದ ಮೇಲ್‌ದಾಗ ಬರದಾರ.

— ಅಲ್ಲ, ಅದ ಕಾಗದದಾಗ ಬರದು ಕೊಡಾವ್ರು ಕೀಲಿ ಯಾಕ ಹಾಕಬೇಕು?

— ನಿಮಗಲ್ರಿ ಆ ಕೀಲಿ. ನಡುವ ವೈರಸ್ ಹುಡಕೂ ಯಂತ್ರ ಇರತಾವಲ್ಲ, ಅವಕ್ಕ. ಕೀಲಿ ಹಾಕಿದ್ರ ಅವಕ್ಕ ಒಳಗಿಂದು ಓದಾಕ ಬರೂದಿಲ್ಲ. ನಿಮಗ ಓದಾಕ ಬರತೈತಿ, ಒತ್ತಾಕ ಬರತೈತಿ. ಈಗ ಫೈಲ್ ಬಿಚ್ಚದ ಒಳಗಿನ ಹೆಸರಷ್ಟ ನೋಡೂಣು. 'ಪಟ್ಟಿ', ಆಮ್ಯಾಲ ಚುಕ್ಕಿ, 'ಪಿಡಿಎಫ್', ಮತ್ತೊಂದು ಚುಕ್ಕಿ, 'ಜೆಎಸ್'.

— ಪಿಡಿಎಫ್ ಅಂದ್ರ ನಮ್ಮ ಉತಾರದಂಥಾದ್ದು. ಜೆಎಸ್ ಅಂದ್ರ?

— ಕಡೀ ಚುಕ್ಕಿ ಮುಂದ ಏನೈತಿ ಅದ ಅದರ ಜಾತಿ. ಇದು ಕಾಗದ ಅಲ್ಲ, ಕೆಲಸ ಮಾಡೂ ಆದೇಶ. ವಿಂಡೋಸ್ ಹುಟ್ಟಾ ಈ ಕಡೀ ಅಕ್ಷರ ಮುಚ್ಚಿಡತೈತಿ. ನಾ ಇಲ್ಲಿ ತಗದಿದ್ರ ಪರದೀ ಮ್ಯಾಲ 'ಪಟ್ಟಿ ಚುಕ್ಕಿ ಪಿಡಿಎಫ್' ಅಂತಷ್ಟ ಕಾಣತಿತ್ತು. ಎರಡು ಸಲ ಒತ್ತಿದ್ರ ಮುಗೀತು. ಮೊಬೈಲ್‌ದಾಗ ಓಡದಿದ್ದದ್ದು ಇಲ್ಲಿ ಓಡತಿತ್ತು. ನಿಮ್ಮ ಮೊಬೈಲ್ ತೆರೀಲಿಲ್ಲ ಅಂತ ಬಯ್ಯಬ್ಯಾಡ್ರಿ ಅದಕ್ಕ.

ಇಷ್ಟು ಹೇಳಿ ಆಕೆ ತನ್ನ ಯಂತ್ರದಲ್ಲಿ ಒಂದು ಫೋಲ್ಡರ್ ತೆರೆದು, ಮೇಲಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬಲ್ಲಿ ಗುರುತು ಹಾಕಿ ತೋರಿಸಿದಳು. ಸಾಲಾಗಿದ್ದ ಫೈಲುಗಳ ಹೆಸರಿಗೆಲ್ಲ ಒಮ್ಮೆಲೇ ಬಾಲ ಮೂಡಿತು. ಇಷ್ಟು ಸರಳವಾದದ್ದನ್ನು ಮೈಕ್ರೋಸಾಫ್ಟ್ ಮೊದಲೇ ತೋರಿಸಿಟ್ಟಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ. ನನ್ನ ಮಟ್ಟಿಗೆ ಇದು ಆ ಕಂಪನಿಯ ಹಳೆಯ, ಇನ್ನೂ ತಿದ್ದದ ಹಟ.

— ಇದ ಮೋಸ 2000ದಾಗ ಜಗತ್ತನ್ನ ಅಲುಗಾಡಿಸಿತ್ತು ಕಾಕಾ. ಮೇ 4ಕ್ಕ ಫಿಲಿಪೀನ್ಸ್‌ದಿಂದ ಹೊಂಟಿತು, 'ಐ ಲವ್ ಯೂ' ಅನ್ನೂ ತಲೆಬರಹದ ಮೇಲ್. ಕೂಡ ಒಂದು ಪ್ರೇಮಪತ್ರ, ಹೆಸರಿನ ಕೊನೀಗೆ 'ಟಿಎಕ್ಸ್‌ಟಿ', ಅದರ ಹಿಂದ ಮುಚ್ಚಿಕೊಂಡಿದ್ದದ್ದು 'ವಿಬಿಎಸ್'. ತಗದವರ ಫೋಟೋ ಫೈಲ್ ಎಲ್ಲಾ ಹಾಳ ಮಾಡಿ, ಅವರ ವಿಳಾಸದ ಪುಸ್ತಕದಾಗ ಎಷ್ಟ ಮಂದಿ ಇದ್ರೋ ಅಷ್ಟೂ ಮಂದಿಗೆ ಅವರ ಹೆಸರಿಲೇನ ಹೋಗತಿತ್ತು. ಬ್ರಿಟನ್ ಪಾರ್ಲಿಮೆಂಟ್ ತನ್ನ ಮೇಲ್ ಬಂದ್ ಮಾಡಿ ಕೂತಿತ್ತು.

— ಪಾರ್ಲಿಮೆಂಟಿನವರೂ ಪ್ರೇಮಪತ್ರ ತಗದ್ರಾ!

— ಗೊತ್ತಿಲ್ಲದಾಂವ ಕಳಿಸಿದ್ರ ತಗೀತಿದ್ದಿಲ್ಲ. ಬಾಜು ಕುರ್ಚೀ ಸಾಹೇಬನಿಂದ ಬಂತು, ಮ್ಯಾಲಿನ ಅಧಿಕಾರಿಯಿಂದ ಬಂತು, ಅದಕ್ಕ ತಗದ್ರು. 'ಗುರುತಿಲ್ಲದವರ ಮೇಲ್ ತಗೀಬ್ಯಾಡ್ರಿ' ಅಂತ ಎಲ್ಲಾರೂ ಹೇಳತಾರ. ಆ ಮಾತು ಅರ್ಧಾ ಉಪಯೋಗ. ಗುರುತಿಲ್ಲದಾಂವನ ಮೇಲ್ ನೀವು ಮೊದಲ ತಗಿಯೂದಿಲ್ಲ. ಹೊಡತ ಬೀಳೂದು ಗುರುತಿದ್ದವರ ಹೆಸರಿಲೇ ಬಂದಾಗ.

— ಮತ್ತ ಅದನ್ನ ಮಾಡಿದಾಂವಗ ಏನ ಶಿಕ್ಷಾ ಆತು?

— ಏನೂ ಇಲ್ಲ. ಮನೀಲಾದ ಒಬ್ಬ ಕಾಲೇಜ್ ಹುಡುಗನ ಮ್ಯಾಲ ಕೇಸ್ ಹಾಕಿದ್ರು. ಆ ದೇಶದಾಗ ವೈರಸ್ ಬಿಡೂದು ಅಪರಾಧ ಅನ್ನೂ ಕಾಯ್ದೇನ ಇರಲಿಲ್ಲ, ಕೇಸ್ ಬಿದ್ದ ಹೋತು. ವೈರಸ್ ಹಬ್ಬಿದ ಮ್ಯಾಲ, ಅದ ವರ್ಷ ಜೂನ್‌ದಾಗ, ಅವರು ಕಾಯ್ದೆ ಮಾಡಿಕೊಂಡ್ರು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಗೂ ರಾಷ್ಟ್ರಪತಿ ಸಹಿ ಬಿದ್ದದ್ದು ಅದ 2000ದ ಜೂನ್‌ದಾಗನ, ಜಾರಿಗೆ ಬಂದದ್ದು ಅಕ್ಟೋಬರ್ 17ಕ್ಕ. ಅದರಾಗ 43ನೇ ಕಲಮಿನಾಗ ವೈರಸ್ ಹಾಕೂದು ಅಂತ ಹೆಸರು ಹಿಡದು ಬರದಾರ. ಮೋಸದಿಂದ ಮಾಡಿದ್ದಾದ್ರ 66ನೇ ಕಲಮು ಹತ್ತತೈತಿ, ಮೂರು ವರ್ಷದತನಾ ಜೈಲು, ಇಲ್ಲಾ 5 ಲಕ್ಷದತನಾ ದಂಡ, ಇಲ್ಲಾ ಎರಡೂ.

— ಕಾಗದ ಮುಟ್ಟಿದ್ರನ ಸಾವು ಬಂದದ್ದೂ ಕೇಳೀನಿ ನಾ. ಅಮೆರಿಕಾದಾಗ ಕವರ್‌ದಾಗ ಪುಡಿ ಹಾಕಿ ಕಳಿಸ್ತಿದ್ರಲ್ಲ? ಆ ವರ್ಷ ನಮ್ಮ ಖಾತೇದಾಗ ಎಲ್ಲಾರೂ ಅದನ್ನ ಮಾತಾಡತಿದ್ರು. ಟಪಾಲಿನವ್ರನೂ ಸತ್ತಿದ್ರು ಅದರಾಗ.

— ಆಂಥ್ರಾಕ್ಸ್. ಐದು ಮಂದಿ ಸತ್ತರು, ಅವರಾಗ ಇಬ್ರು ವಾಷಿಂಗ್ಟನ್ನಿನ ಟಪಾಲ ನೌಕರರು. ಆ ಮೊದಲಿನ ಕವರ್‌ಗಳ ಮ್ಯಾಲ ಬಿದ್ದ ಠಸ್ಸೆ 2001ರ ಸೆಪ್ಟೆಂಬರ್ 18ರದು. ಅದ ದಿನ ಕಂಪ್ಯೂಟರ್‌ದಾಗ 'ನಿಮ್ಡಾ' ಅನ್ನೂ ವೈರಸ್ ಬಿಟ್ಟಿದ್ರು. ಅದಕ್ಕ ಕೂಡ ಬಂದ ಫೈಲ್ ಒತ್ತೂದೂ ಬೇಕಿರಲಿಲ್ಲ. ಹಳೇ ಔಟ್‌ಲುಕ್‌ದಾಗ ಮೇಲ್ ಕಣ್ಣಿಗೆ ಬಿದ್ದರ ಸಾಕಿತ್ತು, ತಾನ ಓಡತಿತ್ತು.

— ಅಯ್ಯ! ಹಂಗಾದ್ರ ಓದಿದ್ರೂ ಕಷ್ಟನ?

— ಇವತ್ತು ಬರೇ ಓದಿದ್ರ ಸಾಮಾನ್ಯಾಗಿ ಏನೂ ಆಗೂದಿಲ್ಲ. ಒತ್ತಿದ್ರ, ಇಳಿಸಿಕೊಂಡ್ರ, 'ಎನೇಬಲ್' ಅಂದ್ರ ಆಗತೈತಿ. ಆದ್ರ ನಿಮ್ಡಾದಾಗ ಒಂದು ಮಾತು ಐತಿ. ಅದು ನುಗ್ಗಿದ ಆ ತೂತು ಮುಚ್ಚೂ ತೇಪೆ ಮೈಕ್ರೋಸಾಫ್ಟ್ ಮಾರ್ಚ್‌ದಾಗನ ಕೊಟ್ಟಿತ್ತು. ಹಾಕಿಕೊಂಡವ್ರಿಗೆ ಆ ದಾರೀಲೇ ಬರಲಿಲ್ಲ. ಆರು ತಿಂಗಳು ಅಪ್ಡೇಟ್ ಮುಂದ ಹಾಕಿದವರು ಸಿಕ್ಕರು.

— ನೀ ಹಾಕಸ್ತೀ?

— ಇದಕ್ಕ ಹಾಕಸ್ತೀನಿ. ಆದ್ರ ಇದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕ ಅದರ ಮಾಮೂಲಿ ಬೆಂಬಲ ಮುಗದೈತಿ. ಈಗ ಹೆಚ್ಚಿನ ಮುದ್ದತ್ತಿನ ಮ್ಯಾಲ ಓಡಾಕತ್ತೈತಿ, ಹೊಸಾದು ತರಬೇಕು. ಕಡೀಕ ನಂದು ಕಳ್ಳ ವಿಂಡೋಸ್ ಅಲ್ಲ. ಎಷ್ಟೋ ಡಿಟಿಪಿ ಅಂಗಡ್ಯಾಗ ಕ್ರ್ಯಾಕ್ ಹಾಕಿದ ವಿಂಡೋಸ್. ಅಪ್ಡೇಟ್ ಬಂದ್ರ ಸಿಕ್ಕಿ ಬೀಳತೇವಿ ಅಂತ ಅದನ್ನೂ ಬಂದ್ ಇಟ್ಟಿರತಾರ. ಅಂಥಲ್ಲಿ ನಿಮ್ಮ ಪೆನ್‌ಡ್ರೈವ್ ಒಂದು ಸಲ ಹಾಕಿ ತಗದ್ರ ಊರ ಸುತ್ತಿ ಬಂದಂಗ.

— ಇರು, ನಾ ಒಂದು ಫೋನ್ ಹಚ್ಚತೀನಿ ಸಾಂಗ್ಲಿಗೆ.

— ಹಚ್ಚರಿ. ಮೇಲ್‌ದಾಗ ಕೊಟ್ಟ ನಂಬರ್‌ಗೆ ಬ್ಯಾಡ, ನಿಮ್ಮ ಕಡೆ ಮೊದಲಿಂದ ಇದ್ದ ನಂಬರ್‌ಗೆ.

ಫೋನಿನ ಆ ಕಡೆ ಅಡತಿಯ ದಿವಾಣಜಿ. ಮರಾಠಿ, ಕನ್ನಡ ಎರಡೂ ಬೆರೆತ ಮಾತು ಐದಾರು ನಿಮಿಷ ನಡೆಯಿತು. ಕಾಕಾರ ಮುಖ ಮೊದಲು ಸಡಿಲಾಯಿತು, ಆಮೇಲೆ ಬಿಗಿಯಿತು.

— ಅವರು ಕಳಿಸೇ ಇಲ್ಲಂತ. ಅಷ್ಟ ಅಲ್ಲ, ತಾಸಗಾಂವದ ಒಬ್ಬ ರೈತಗೂ ಇಂಥಾದ್ದ ಮೇಲ್ ಹೋಗೈತಂತ. ಆದ್ರ ಅಲ್ಲಿ ವಿಳಾಸನೂ ಅಂಗಡೀದ ಅಂತ, ಖರೇ ವಿಳಾಸ. ಹೋದ ತಿಂಗಳು ಅವ ಕೇಳಿದ ಪ್ರಶ್ನಾಕ್ಕ ಉತ್ತರ ಬರದಂಗ ಬರದೈತಂತ. ಅದು ಹೆಂಗ?

— ಅಂದ್ರ ಅಂಗಡಿ ಮೇಲ್ ಪೆಟ್ಟಿಗ್ಯಾಗ ಯಾರೋ ಹೊಕ್ಕಾರ. ಹಳೇ ಪತ್ರ ಓದಿ, ಅದಕ್ಕ ಜೋಡಿಸಿ ಹೊಸಾದು ಕಳಿಸ್ಯಾರ. ಇದರಾಗ ಪಳಗಿದ್ದು 'ಎಮೊಟೆಟ್'. 2014ರಾಗ ಬ್ಯಾಂಕಿನ ಪಾಸ್‌ವರ್ಡ್ ಕದಿಯೂ ವೈರಸ್ ಆಗಿ ಶುರು ಆತು, ಆಮ್ಯಾಲ ಜನರ ಪತ್ರವ್ಯವಹಾರನ ಕದ್ದು, ನಡದ ಮಾತಿನ ನಡುವ ಉತ್ತರ ಕೊಟ್ಟಂಗ ಫೈಲ್ ತೂರಸ್ತಿತ್ತು. 2021ರ ಜನವರಿಯಾಗ ಯುರೋಪೋಲ್ ಮುಂದ ನಿಂತು ಎಂಟು ದೇಶದ ಪೊಲೀಸರು ಕೂಡಿ ಅದರ ಸರ್ವರ್ ಹಿಡದ್ರು. ಅದ ವರ್ಷ ನವೆಂಬರ್‌ದಾಗ ಮತ್ತ ಎದ್ದು ಬಂತು. ಸಾಂಗ್ಲೀದು ಅದನ ಅನ್ನಾಕಿ ಅಲ್ಲ ನಾ. ಆದ್ರ ಆ ವಿದ್ಯಾ ಈಗ ಎಲ್ಲಾರೂ ಕಲತಾರ.

— ಹಂಗಾದ್ರ ಹೆಸರು ನೋಡಿ ಉಪಯೋಗಿಲ್ಲ, ವಿಳಾಸ ನೋಡಿ ಉಪಯೋಗಿಲ್ಲ, ಹಳೇ ಮಾತಿನ ಗುರುತೂ ಉಪಯೋಗಿಲ್ಲ. ಮತ್ತ ನೋಡೂದು ಏನ? ನಮ್ಮ ಮಣೂಕದ ವ್ಯಾಪಾರ ನಡಿಯೂದ ಬಾಯಿಮಾತಿನ ಮ್ಯಾಲ. ಲಕ್ಷಾಂತರ ಮಾಲು ಕೊಟ್ಟು ಬರೇ ಪಟ್ಟಿ ನಂಬಿ ಮನೀಗೆ ಬರತೇವಿ. ನಂಬಬ್ಯಾಡ್ರಿ ಅಂದ್ರ ಆಗೂದಿಲ್ಲ ನೋಡು.

— ನಂಬಬ್ಯಾಡ್ರಿ ಅಂತ ಯಾರ ಅಂದ್ರು? ಅಡತಿಯವರನ್ನ ನಂಬರಿ. ಅವರ ಹೆಸರಿಲೇ ಬಂದ ಕಾಗದ ನಂಬಬ್ಯಾಡ್ರಿ. ಎರಡೂ ಬ್ಯಾರೆ. ನೀವು ಈಗ ಮಾಡಿದ್ದು ಏನು? ಮೇಲ್‌ಗೆ ಮೇಲ್‌ದಾಗ ಉತ್ತರ ಕೇಳಲಿಲ್ಲ, ಫೋನ್ ಹಚ್ಚಿದ್ರಿ. ಮೇಲ್ ಪೆಟ್ಟಿಗ್ಯಾಗ ಕೂತಾಂವ ಮೇಲ್‌ಗೆ ತಾನ ಉತ್ತರ ಕೊಡತಾನ, 'ಹೌದು, ನಾನ ಕಳಿಸೀನಿ, ತಗೀರಿ' ಅಂತ. ದಿವಾಣಜಿ ದನಿಯಾಗ ಫೋನ್ ಎತ್ತಾಕ ಅಷ್ಟು ಸುಲಭ ಅಲ್ಲ.

— ನಮ್ಮಲ್ಲಿ ವಿಪಿ ಮೋಸ ಅಂತಿತ್ತು. ತರಿಸದ ಪಾರ್ಸಲ್ ಬರತಿತ್ತು, ಹೆಸರು ವಿಳಾಸ ಎಲ್ಲಾ ಸರಿ. ರೊಕ್ಕ ಕಟ್ಟಿ ಬಿಚ್ಚಿದ್ರ ಒಳಗ ಕಲ್ಲು, ಹಳೇ ಪೇಪರು. ನಾ ಮಂದೀಗೆ ಕೇಳತಿದ್ದದ್ದು ಒಂದ, 'ನೀ ಏನರ ತರಸೀಯೇನಪಾ?' ತರಸಿಲ್ಲ ಅಂದ್ರ ವಾಪಸ ಬರದು ಕಳಿಸಿಬಿಡತಿದ್ದೆ.

— ಅದನ ಕಾಕಾ. ನಾನೂ ಬಂದ ಕೂಡಲೇ ನಿಮಗ ಅದನ್ನ ಕೇಳಿದ್ದು. ಯಾರಿಂದ ಬಂತು ಅನ್ನೂದಕಿಂತ, ನಾ ಇದನ್ನ ಕೇಳಿದ್ನೇನು, ಇದು ನನ್ನ ಕೈಲೆ ಏನ ಮಾಡಿಸಾಕ ನೋಡತೈತಿ, ಅದು ಕೇಳಿಕೋಬೇಕು. ಪಟ್ಟಿ ಓದಸಾಕ ಬಂದ ಕಾಗದ ಪಾಸ್‌ವರ್ಡ್ ಹಾಕು, ಬಿಚ್ಚು, ಓಡಸು ಅಂತ ಯಾಕ ಅಂತೈತಿ?

— ತಗದೇ ಬಿಟ್ಟಿದ್ರ ಏನ ಆಗತಿತ್ತು? ಸರಿಯಾಗಿ ಹೇಳು, ಹೆದರಸಬ್ಯಾಡ.

— ಆವಾಗ ಏನೂ ಕಾಣತಿದ್ದಿಲ್ಲ. ಅದನ ಅಂಜಿಕಿ. ಕಪ್ಪು ಖಿಡಕಿ ಒಂದು ಚಕ್ ಅಂತ ಬಂದು ಹೋಗತಿತ್ತು, ಇಲ್ಲಾ 'ಫೈಲ್ ಕೆಟ್ಟೈತಿ' ಅಂತಿತ್ತು. ನೀವು ಚಹಾ ಕುಡದು ಹೋಗತಿದ್ರಿ. ಹಿಂದ ಅದು ಬ್ರೌಸರ್‌ದಾಗ ಉಳಿಸಿದ ಪಾಸ್‌ವರ್ಡ್ ಎಲ್ಲಾ ಎತ್ತಿಕೊಂಡು ಹೋಗತಿತ್ತು. ಈ ಯಂತ್ರದಾಗ ನಂದಷ್ಟ ಅಲ್ಲ, ಊರ ಮಂದಿ ಅರ್ಜಿ, ಆಧಾರ್ ನಕಲು, ಬ್ಯಾಂಕ್ ಪಾಸ್‌ಬುಕ್ ಇರತಾವ. ಇಲ್ಲಾ ನಾಲ್ಕು ದಿನ ಬಿಟ್ಟು ಎಲ್ಲಾ ಫೈಲ್‌ಗೂ ಕೀಲಿ ಬಿದ್ದು 'ರೊಕ್ಕ ಕಟ್ಟು' ಅಂತ ಬರತಿತ್ತು. ಅಂಥಾ ಹೊತ್ತಿನಾಗ ಕೈ ಹಿಡಿಯೂದು ಬ್ಯಾಕಪ್ ಒಂದ. ಈ ಡ್ರೈವ್ ನೋಡ್ರಿ, ವಾರಕ್ಕೊಮ್ಮೆ ಹಚ್ಚಿ ನಕಲು ತಗದು ಬಿಚ್ಚಿ ಕಪಾಟಿನಾಗ ಇಡತೀನಿ. ಹಚ್ಚೇ ಬಿಟ್ರ ಅದಕ್ಕೂ ಕೀಲಿ ಬೀಳತೈತಿ.

— ಆಂಟಿವೈರಸ್ ಇರೂದಿಲ್ಲೇನು?

— ಐತಿ. ವಿಂಡೋಸ್ ಕೂಡನ ಡಿಫೆಂಡರ್ ಬರತೈತಿ, ಚಾಲೂ ಇಟ್ಟರ ನಮ್ಮಂಥವರಿಗೆ ಸಾಕು. ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಸ್ವಚ್ಛ ಮಾಡೂ ಸಾಧನ ಪುಗಸಟ್ಟೆ ಕೊಡತೈತಿ. ಆದ್ರ ನಿನ್ನೆ ಹುಟ್ಟಿದ ವೈರಸ್ ಗುರುತು ಹಿಡಿಯೂದು ಅವಕ್ಕೂ ಕಷ್ಟ.

— ನಮ್ಮ ಮಂದ್ಯಾಗ ಮೇಲ್ ನೋಡಾವ್ರು ಎಷ್ಟ ಮಂದಿ ಯವ್ವಾ? ಎಲ್ಲಾ ವಾಟ್ಸ್‌ಆಪ್.

— ಅಲ್ಲಿ ಇದರ ತಮ್ಮ ಅದಾನ. ಎಪಿಕೆ ಅಂತ. ಪಿಎಂ ಕಿಸಾನ್ ಕಂತಿನ ಹೆಸರಿಲೇ, ಆರ್‌ಟಿಒ ದಂಡದ ಹೆಸರಿಲೇ, ಲಗ್ನಪತ್ರಿಕೆ ಹೆಸರಿಲೇ ಬರತೈತಿ. ಕಂಪ್ಯೂಟರ್‌ದಾಗ ಜೆಎಸ್ ಹೆಂಗೋ ಮೊಬೈಲ್‌ದಾಗ ಎಪಿಕೆ ಹಂಗ, ಹಾಕಿಕೊಂಡ್ರ ಕೆಲಸ ಶುರು. ಮೆಸೇಜ್ ಓದೂ ಪರವಾನಗಿ ಕೇಳತೈತಿ, ನೀವು 'ಅಲೋ' ಅಂತೀರಿ. ಆಮ್ಯಾಲ ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲ ಅವರು ಓದತಾರ. ಲಗ್ನಪತ್ರಿಕೆ ಫೋಟೋ ಇರತೈತಿ, ಇಲ್ಲಾ ಪಿಡಿಎಫ್ ಇರತೈತಿ. ಲಗ್ನಪತ್ರಿಕೆ ಓದಾಕ ಆ್ಯಪ್ ಹಾಕ್ಕೋ ಅನ್ನಾವ್ರು ಬೀಗರಲ್ಲ.

ಪಾಳಿಯಲ್ಲಿ ಕೂತಿದ್ದ ಒಬ್ಬ ಹುಡುಗ ಮೆಲ್ಲಗೆ ತನ್ನ ಮೊಬೈಲ್ ತೆಗೆದು ಏನೋ ಹುಡುಕತೊಡಗಿದ.

— ಒಂದು ಮಾತು ಕೇಳತೀನಿ. ಇಷ್ಟೆಲ್ಲಾ ನಾವ ನೋಡಿಕೋಬೇಕಂದ್ರ ಕಂಪನಿಯವರು ಏನ ಮಾಡತಾರ? ಠಸ್ಸೆ ಹೊಡಿಯೂದು ನಮ್ಮ ಕೆಲಸ ಇತ್ತು, ಕವರ್ ತಗೊಳ್ಳಾವಂದಲ್ಲ.

— ಇದು ಖರೇ ಪ್ರಶ್ನಾ. 1999ರ ಮಾರ್ಚ್‌ದಾಗ 'ಮೆಲಿಸ್ಸಾ' ಅಂತ ವೈರಸ್ ಬಂತು, ವರ್ಡ್ ಫೈಲ್‌ದಾಗ ಮ್ಯಾಕ್ರೋ ಅನ್ನೂ ಆದೇಶ ತುಂಬಿದ್ರು. ವಿಳಾಸ ಪುಸ್ತಕದ ಮೊದಲಿನ 50 ಮಂದಿಗೆ ತಾನ ಹೋಗತಿತ್ತು. ಹೊರಗಿಂದ ಬಂದ ಫೈಲ್‌ನಾಗ ಮ್ಯಾಕ್ರೋ ಓಡಬಾರದು ಅಂತ ಮೈಕ್ರೋಸಾಫ್ಟ್ ಹುಟ್ಟಾ ಬಂದ್ ಮಾಡಿದ್ದು 2022ರಾಗ.

— ಇಪ್ಪತ್ತಮೂರು ವರ್ಷ! ನಮ್ಮಲ್ಲಿ ಒಂದು ಮನಿಯಾರ್ಡರ್ ವಾರ ತಡಾ ಆದ್ರ ಮೆಮೋ ಬರತಿತ್ತು.

— ನಡುವ ಎಷ್ಟೋ ವರ್ಷ ಮ್ಯಾಲ ಹಳದಿ ಪಟ್ಟಿ ಒಂದು ತೋರಸ್ತಿದ್ರು, 'ಎನೇಬಲ್ ಕಂಟೆಂಟ್' ಅಂತ. ಮಂದಿ ಒತ್ತತಿದ್ರು. ಒತ್ತಿದವರಿಗೆ ಬುದ್ಧಿ ಹೇಳೂ ತರಬೇತಿ ಅಷ್ಟ ನಡೀತಿದ್ವು. ಬಂದ್ ಮಾಡಿದ ಮ್ಯಾಲ ಕಳ್ಳರು ಆ ದಾರಿ ಬಿಟ್ಟು ಶಾರ್ಟ್‌ಕಟ್ ಫೈಲ್, ಒನ್‌ನೋಟ್ ಫೈಲ್ ಅಂತ ಬ್ಯಾರೆ ದಾರಿ ಹುಡಕಿದ್ರು. ನಿಲ್ಲಲಿಲ್ಲ, ಆದ್ರ ಒಂದು ದೊಡ್ಡ ಬಾಗಿಲಂತೂ ಮುಚ್ಚಿತು.

ನನಗೂ ಇಲ್ಲೇ ತಕರಾರು. ಬಳಸುವವರ ಅಜ್ಞಾನವನ್ನು ಬೈಯುವುದಕ್ಕೆ ನಾವು ಖರ್ಚು ಮಾಡಿದ ಉಸಿರಿನಲ್ಲಿ ಅರ್ಧವನ್ನು, ಒತ್ತುವ ಗುಂಡಿ ಇಟ್ಟವರನ್ನು ಕೇಳಲು ಖರ್ಚು ಮಾಡಬಹುದಿತ್ತು.

— ಈ ಮೇಲ್ ಅಳಿಸಿಬಿಡಲೇನು?

— ಬ್ಯಾಡ. ಇಳಿದ ಝಿಪ್ ಅಷ್ಟ ಅಳಿಸ್ರಿ. ಮೇಲ್ ಇರಲಿ, 'ಫಿಶಿಂಗ್' ಅಂತ ಗೂಗಲ್‌ಗೆ ತಿಳಸೂಣು. ಅಡತಿಯವರಿಗೆ ಹೇಳ್ರಿ, ಪಾಸ್‌ವರ್ಡ್ ಬ್ಯಾರೆ ಯಂತ್ರದಿಂದ ಬದಲಿ ಮಾಡಲಿ, ಬಂದ ಮೇಲ್ ತಾನ ಬ್ಯಾರೆ ಕಡೆ ಹೋಗೂ ನಿಯಮ ಯಾರರ ಹಾಕ್ಯಾರೇನು ಸೆಟ್ಟಿಂಗ್‌ದಾಗ ನೋಡಲಿ. ಅದನ್ನ ತಗೀದ ಬರೇ ಪಾಸ್‌ವರ್ಡ್ ಬದಲಿ ಮಾಡಿದ್ರ ಮೇಲ್ ಸೋರತನ ಇರತಾವ. ಯಾರದರ ರೊಕ್ಕ ಹೋಗಿದ್ರ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಹೊತ್ತ ಕಳೀದ ಫೋನ್ ಹಚ್ಚಬೇಕು. ನಮ್ಮ ಜಿಲ್ಲಾದವರು ವಿಜಯಪುರದಾಗ ಸೈಬರ್ ಕೇಸ್ ನೋಡೂ ಸಿಇಎನ್ ಪೊಲೀಸ್ ಠಾಣಾಕ್ಕ ಹೋಗಬೇಕು.

— ನಂದೂ ಮೇಲ್ ಪಾಸ್‌ವರ್ಡ್ ಮಗ ಹಾಕಿದ್ದು. ನನ್ನ ಹುಟ್ಟಿದ ವರ್ಷ.

— ಊರಿಗೆಲ್ಲಾ ಗೊತ್ತಿರೂದು. ತರ್ರಿ, ಉದ್ದಂದು ಹಾಕೂಣು, ನಿಮಗಷ್ಟ ನೆನಪಿರೂವಂಥಾದ್ದು. ಎರಡನೇ ಹಂತದ ತಪಾಸಣೀನೂ ಹಚ್ಚೂಣು, ಪಾಸ್‌ವರ್ಡ್ ಕದ್ರೂ ನಿಮ್ಮ ಮೊಬೈಲ್‌ಗೆ ಬಂದ ನಂಬರ್ ಇಲ್ಲದ ಒಳಗ ಬರಾಕ ಆಗಬಾರದು. ಒತ್ತರಿ ಇಲ್ಲಿ. ಬಂತಾ?

— ಬಂತು ಬಂತು. ನಾಲ್ಕು, ಒಂದು, ಒಂಬತ್ತು…

— ಅಯ್ಯ ಕಾಕಾ, ಪಾಳಿ ಮಂದಿ ಮುಂದ ಜೋರಾಗಿ ಓದತೀರಲ್ಲ! ನನಗೂ ಹೇಳಬ್ಯಾಡ್ರಿ. ಈ ಕಡೆ ಬರ್ರಿ, ನೀವ ಒತ್ತರಿ, ನಾ ಆ ಕಡೆ ನೋಡತೀನಿ.